ಒಂದು ದಾರ, ಎರಡು ಬೆರಳು, ಒಂದು ಗೋಡೆ ಗಡಿಯಾರ!

ಮನೆಯಲ್ಲಿ ದಾರ ಇದೆಯೇ? ಹೂ ಕಟ್ಟುವುದೋ, ಗಾಳಿಪಟದ್ದೋ, ಗೋಣಿಚೀಲ ಬಿಚ್ಚಿ ಸುತ್ತಿಟ್ಟದ್ದೋ, ಯಾವುದಾದರೂ ಆದೀತು. ತನ್ನಿ. ಓದು ಆಮೇಲೆ, ಮೊದಲು ದಾರ!

ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲಿ. ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಕತ್ತರಿಸಲು ಮನೆಯವರಿಗೆ ಹೇಳಿ. ಆಯಿತೇ? ಅದನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ. ಆ ಅರ್ಧ ದಾರವನ್ನು ಈಗ ನಡುವಿಗೆ ಸುತ್ತಿ. ಪ್ಯಾಂಟು, ಪಂಚೆ ನಿಲ್ಲುವ ಜಾಗದಲ್ಲಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ. ಉಸಿರನ್ನು ಸಹಜವಾಗಿ ಹೊರಬಿಡಿ. ಹೊಟ್ಟೆ ಒಳಗೆಳೆದುಕೊಳ್ಳುವಂತಿಲ್ಲ! ಇಲ್ಲಿ ಯಾರೂ ಫೋಟೊ ತೆಗೆಯುತ್ತಿಲ್ಲ.

ಎರಡು ತುದಿ ಮುಟ್ಟಿದವೇ?

ಮುಟ್ಟಿದರೆ ಭೇಷ್! ಮುಟ್ಟದೆ ನಡುವೆ ಹೊಟ್ಟೆ ಇಣುಕುತ್ತಿದ್ದರೆ, ಕುರ್ಚಿ ಎಳೆದುಕೊಂಡು ಕೂತು ಮುಂದೆ ಓದಿ.

ನೀವು ಈಗ ಬಳಸಿದ್ದು ಒಂದು ವೈದ್ಯಕೀಯ ಕ್ಯಾಲ್ಕುಲೇಟರ್. ಅಂಕಿಯೇ ಇಲ್ಲದ ಕ್ಯಾಲ್ಕುಲೇಟರ್! ಕರೆಂಟು ಬೇಡ, ಆ್ಯಪ್ ಬೇಡ, ಓದು ಬರಹವೂ ಬೇಡ. ‘ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಬಾರದು.’ ಇಷ್ಟೇ ಸೂತ್ರ. ಹಳ್ಳಿ ಮದ್ದಿನ ಮಾತಲ್ಲ ಇದು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ‘ನೈಸ್’ ಸಂಸ್ಥೆ 2022ರಲ್ಲಿ ತನ್ನ ದೇಶದ ಜನರಿಗೆ ಹೇಳಿದ್ದೂ ಇದನ್ನೇ.

ಉಡಿದಾರ ಕಟ್ಟುವ ನಮಗೆ ಇದು ಎಂದೋ ಹೊಳೆಯಬೇಕಿತ್ತು ನೋಡಿ. ಉಡಿದಾರ ಬಿಗಿಯಾಯಿತೆಂದರೆ ಹೊಟ್ಟೆ ಬಂತೆಂದೇ ಲೆಕ್ಕ. ಆದರೆ ನಾವು ಮಾಡುವುದೇನು? ಉದ್ದನೆಯ ಉಡಿದಾರ ಕೊಳ್ಳುತ್ತೇವೆ!

ಸರಿ, ತೂಕ ನೋಡುವ ಯಂತ್ರ ಬಿಟ್ಟು ಸೊಂಟಕ್ಕೇಕೆ ಇಷ್ಟೊಂದು ಮರ್ಯಾದೆ? ಇಲ್ಲೊಂದು ಒಗಟು. ಉತ್ತರ ಊಹಿಸಿ ನೋಡೋಣ.

ಇಬ್ಬರು ಡಾಕ್ಟರು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್. ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರೂ ತೆಳ್ಳಗೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ ಇಬ್ಬರದೂ ಒಂದೇ: 22.3. ದಶಮಾಂಶವೂ ಬೇರೆಯಲ್ಲ! ಯಾವ ಚಾರ್ಟು ನೋಡಿದರೂ ಇಬ್ಬರೂ ‘ನಾರ್ಮಲ್’.

ಇಬ್ಬರ ಮೈಯಲ್ಲಿರುವ ಕೊಬ್ಬನ್ನು ಅಳೆದರು. ಲಂಡನ್ನಿನವರದು ಶೇ 9.1. ಪುಣೆಯವರದು?

ಹತ್ತು? ಹನ್ನೆರಡು? ಹದಿನೈದು ಎಂದಿರಾ?

ಶೇ 21.2!

ಎರಡು ಪಟ್ಟಿಗೂ ಹೆಚ್ಚು! ಅದೇ ಬಿಎಂಐ, ಅದೇ ಸಪೂರ ಮೈಕಟ್ಟು, ಒಳಗೆ ಮಾತ್ರ ಬೇರೆಯದೇ ಲೋಕ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತ ಫೋಟೊ ಸಮೇತ ಇದು ಪ್ರಕಟವಾಯಿತು. ತಮ್ಮದೇ ಮೈಯನ್ನು ಸಾಕ್ಷಿಗೆ ನಿಲ್ಲಿಸಿದ ಈ ಇಬ್ಬರ ಧೈರ್ಯಕ್ಕೆ ನನ್ನದೊಂದು ನಮಸ್ಕಾರ. ಭಾರತೀಯರು ಹೊರಗೆ ತೆಳು, ಒಳಗೆ ಕೊಬ್ಬು ಎಂದು ಯಾಜ್ಞಿಕ್ ಬಹುಕಾಲದಿಂದ ಹೇಳುತ್ತಿದ್ದರು. ಅದನ್ನು ಅರ್ಥ ಮಾಡಿಸಲು ಒಂದು ಫೋಟೊ ಸಾಕಾಯಿತು.

ಅದಕ್ಕೇ ನಮ್ಮ ಗೆರೆಗಳೇ ಬೇರೆ. ಪಾಶ್ಚಾತ್ಯರಲ್ಲಿ ಬಿಎಂಐ 25 ಮುಟ್ಟಿದರೆ ಅತಿತೂಕ, 30 ಮುಟ್ಟಿದರೆ ಬೊಜ್ಜು. 2009ರಲ್ಲಿ ಭಾರತೀಯ ತಜ್ಞರು ಕೂತು ಒಪ್ಪಿದ ಗೆರೆ? 23ಕ್ಕೇ ಅತಿತೂಕ, 25ಕ್ಕೇ ಬೊಜ್ಜು! ಸೊಂಟಕ್ಕೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80. ವಿದೇಶಿ ಆ್ಯಪ್ ‘ನೀವು ಆರೋಗ್ಯವಂತರು’ ಎಂದು ಹಸಿರು ದೀಪ ಹತ್ತಿಸಿದರೆ ಹಿಗ್ಗಬೇಡಿ. ಅದು ಯಾರ ಗೆರೆ ಹಿಡಿದು ಅಳೆಯಿತು, ಕೇಳಿ!

ಅಂದಹಾಗೆ, ಈ ಬಿಎಂಐ ಸೂತ್ರ ಕಂಡುಹಿಡಿದ ಡಾಕ್ಟರು ಯಾರು ಗೊತ್ತೇ?

ಡಾಕ್ಟರೇ ಅಲ್ಲ! ನಕ್ಷತ್ರ ನೋಡುವವನು! ಬೆಲ್ಜಿಯಂನ ಅಡಾಲ್ಫ್ ಕೆಟೆಲೆ ಎಂಬ ಖಗೋಳ ವಿಜ್ಞಾನಿ. ಬ್ರಸೆಲ್ಸ್‌ನ ವೀಕ್ಷಣಾಲಯ ಕಟ್ಟಿಸಿದಾತ. ಗ್ರಹಗಳ ಲೆಕ್ಕ ಮಾಡಿದ ಕೈಯಿಂದಲೇ ಮನುಷ್ಯರ ಲೆಕ್ಕಕ್ಕೂ ಇಳಿದ. ವಯಸ್ಕರ ತೂಕ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು 1832ರಲ್ಲೇ ಹೇಳಿಬಿಟ್ಟ. ಆತ ಹುಡುಕುತ್ತಿದ್ದದ್ದು ‘ಸರಾಸರಿ ಮನುಷ್ಯ’ನನ್ನು, ರೋಗಿಯನ್ನಲ್ಲ. ಆ ಸೂತ್ರಕ್ಕೆ ಬಿಎಂಐ ಎಂದು ಹೆಸರಿಟ್ಟದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್. ನೂರ ನಲವತ್ತು ವರ್ಷ ಕಳೆದ ಮೇಲೆ ನಾಮಕರಣ!

ಈಗ ನನಗೆ ಅತ್ಯಂತ ಇಷ್ಟವಾದ ಲೆಕ್ಕಕ್ಕೆ ಬರುತ್ತೇನೆ. ಇದು ನಮ್ಮದೇ. ಪಕ್ಕದ ಚೆನ್ನೈಯಲ್ಲಿ ಹುಟ್ಟಿದ್ದು.

ರಕ್ತದ ಒಂದು ತೊಟ್ಟೂ ತೆಗೆಯದೆ, ನಿಮಗೆ ಗೊತ್ತಿಲ್ಲದೆ ನಿಮ್ಮೊಳಗೆ ಸಕ್ಕರೆ ಕಾಯಿಲೆ ಇರಬಹುದೇ ಎಂದು ಅಂದಾಜು ಮಾಡಲು ಎಷ್ಟು ಪ್ರಶ್ನೆ ಬೇಕು? ಐವತ್ತು? ಇಪ್ಪತ್ತು?

ನಾಲ್ಕು! ಬರೀ ನಾಲ್ಕು!

ಡಾ. ವಿ. ಮೋಹನ್ ಮತ್ತು ಅವರ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದ ಸಂಗಡಿಗರು 2005ರಲ್ಲಿ ಹೊರತಂದ ‘ಭಾರತೀಯ ಮಧುಮೇಹ ಅಪಾಯ ಅಂಕ’ ಇದು. ಪೆನ್ನು ಹಿಡಿಯಿರಿ.

ವಯಸ್ಸು 35ಕ್ಕಿಂತ ಕಡಿಮೆಯೇ? ಸೊನ್ನೆ. 35ರಿಂದ 49ರ ಒಳಗೋ? 20. ಐವತ್ತೋ, ಅದಕ್ಕೆ ಮೇಲೋ? 30 ಬರೆಯಿರಿ.

ಸೊಂಟ? ಗಂಡಸರಾದರೆ 90 ಸೆಂಟಿಮೀಟರ್‌ಗೆ ಕಡಿಮೆ ಇದ್ದರೆ ಸೊನ್ನೆ, 90ರಿಂದ 99ಕ್ಕೆ 10, ನೂರು ಮುಟ್ಟಿದರೆ 20. ಹೆಂಗಸರಾದರೆ ಎಲ್ಲ ಗೆರೆಯೂ ಹತ್ತು ಸೆಂಟಿಮೀಟರ್ ಕೆಳಗೆ: 80ಕ್ಕೆ ಕಡಿಮೆ ಇದ್ದರೆ ಸೊನ್ನೆ, 80ರಿಂದ 89ಕ್ಕೆ 10, ತೊಂಬತ್ತು ಮುಟ್ಟಿದರೆ 20.

ಮೈ ಬಗ್ಗಿಸುತ್ತೀರಾ? ದಿನವೂ ವ್ಯಾಯಾಮ, ಜೊತೆಗೆ ಮೈಮುರಿಯುವ ಕೆಲಸ, ಎರಡೂ ಇದ್ದರೆ ಸೊನ್ನೆ. ಎರಡರಲ್ಲಿ ಒಂದಿದ್ದರೆ 20. ವ್ಯಾಯಾಮವೂ ಇಲ್ಲ, ಕೆಲಸವೂ ಕೂತಲ್ಲೇ ಎಂದರೆ 30.

ಅಪ್ಪ ಅಮ್ಮ? ಇಬ್ಬರಿಗೂ ಶುಗರ್ ಇಲ್ಲದಿದ್ದರೆ ಸೊನ್ನೆ. ಒಬ್ಬರಿಗಿದ್ದರೆ 10. ಇಬ್ಬರಿಗೂ ಇದ್ದರೆ 20.

ಕೂಡಿಸಿ. ನೂರಕ್ಕೆ ಎಷ್ಟು ಬಂತು? ಪರೀಕ್ಷೆಯಲ್ಲಿ ಅರವತ್ತು ಬಂದರೆ ಮೊದಲ ದರ್ಜೆ. ಇಲ್ಲಿ ಅರವತ್ತು ಬಂದರೆ ಅಪಾಯದ ದರ್ಜೆ! 30ಕ್ಕೆ ಕಡಿಮೆ ಇದ್ದರೆ ಅಪಾಯ ಕಡಿಮೆ. ನಡುವಿನದು ಮಧ್ಯಮ.

ಈ ನಾಲ್ಕು ಪ್ರಶ್ನೆ ಎಷ್ಟು ಚುರುಕು ಎಂಬುದನ್ನು ಕೇಳಿ. ಅರವತ್ತರ ಗೆರೆ ಹಾಕಿ ನೋಡಿದಾಗ, ಗೊತ್ತಿಲ್ಲದೆ ಮಧುಮೇಹ ಹೊತ್ತು ತಿರುಗುತ್ತಿದ್ದವರಲ್ಲಿ ನೂರಕ್ಕೆ ಸುಮಾರು 72 ಮಂದಿಯನ್ನು ಅದು ಹಿಡಿಯಿತು! ಸೂಜಿಯಿಲ್ಲದೆ! ಖರ್ಚಿಲ್ಲದೆ! ಹಾಗೆಂದು ಮೋಹಗೊಳ್ಳಬೇಡಿ. ಕಾಯಿಲೆಯೇ ಇಲ್ಲದ ನೂರರಲ್ಲಿ ಸುಮಾರು 40 ಮಂದಿಯತ್ತಲೂ ಅದು ಬೆರಳು ತೋರಿಸಿತು. ಬೆರಳು ತೋರಿಸಿದ ಮಾತ್ರಕ್ಕೆ ತೀರ್ಪಲ್ಲ. ‘ಹೋಗಿ ರಕ್ತ ಕೊಟ್ಟು ಬಾ’ ಎನ್ನುವ ಒತ್ತಾಯ ಅಷ್ಟೆ.

ಸೊಗಸು ಇರುವುದು ಇನ್ನೊಂದು ಕಡೆ. 45 ವರ್ಷದ, ಕಚೇರಿಯಲ್ಲಿ ಕೂತೇ ದುಡಿಯುವ ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳಿ. ಸೊಂಟ 96 ಸೆಂಟಿಮೀಟರ್. ವ್ಯಾಯಾಮ ಇಲ್ಲ. ಅಮ್ಮನಿಗೆ ಶುಗರ್. ಲೆಕ್ಕ ಹಾಕಿ: 20, 10, 30, 10. ಒಟ್ಟು 70! ವಯಸ್ಸು ಇಳಿಸಲಾಗದು. ಅಮ್ಮನನ್ನು ಬದಲಿಸಲಾಗದು. ಆದರೆ ದಿನಾ ಬಿರುಸಾಗಿ ನಡೆಯತೊಡಗಿದರೆ 30 ಹೋಗಿ 20 ಆಯಿತು. ಸೊಂಟ 90ರ ಒಳಗೆ ಇಳಿಯಿತೇ? ಇನ್ನೂ 10 ಹೋಯಿತು. ಈಗ 50! ಒಂದು ಮಾತ್ರೆಯನ್ನೂ ನುಂಗದೆ ಅಪಾಯದ ದರ್ಜೆಯಿಂದ ಹೊರಗೆ! ನಿಮ್ಮ ಕೈಯಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಇಷ್ಟು ಬಿಡಿಸಿ ಹೇಳುವ ಲೆಕ್ಕ ನಾನಂತೂ ಬೇರೆ ಕಂಡಿಲ್ಲ.

ದಾರ ಪಕ್ಕಕ್ಕಿಟ್ಟಿರಾ? ಬೇಡ, ಅದರ ಕೆಲಸ ಇನ್ನೂ ಮುಗಿದಿಲ್ಲ!

ಸೆಕೆಂಡು ಮುಳ್ಳಿನ ಗಡಿಯಾರ ಇಲ್ಲದ ಕಾಲ. ನಾಡಿಯ ವೇಗ ಅಳೆಯಬೇಕು. ಹೇಗೆ ಅಳೆಯುತ್ತೀರಿ? ಒಂದು ನಿಮಿಷ ಯೋಚಿಸಿ. (ಆ ‘ಒಂದು ನಿಮಿಷ’ವನ್ನೂ ಆಗ ಅಳೆಯಲಾಗುತ್ತಿರಲಿಲ್ಲ!)

ಇಟಲಿಯ ಪಡುವಾದಲ್ಲಿ ಪ್ರಾಧ್ಯಾಪಕನಾಗಿದ್ದ ವೈದ್ಯ ಸ್ಯಾಂಟೋರಿಯೊ ಉಪಾಯ ಹುಡುಕಿದ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿದ. ರೋಗಿಯ ನಾಡಿ ಹಿಡಿದ. ತೂಗಾಟವೂ ನಾಡಿಯೂ ಒಂದೇ ತಾಳಕ್ಕೆ ಬರುವವರೆಗೆ ದಾರವನ್ನು ಉದ್ದ ಗಿಡ್ಡ ಮಾಡುತ್ತ ಹೋದ. ಬಂದಾಗ ದಾರದ ಉದ್ದ ಬರೆದುಕೊಂಡ! ನಾಡಿಯ ಲೆಕ್ಕ ನಿಮಿಷಕ್ಕೆ ಇಷ್ಟು ಎಂದಲ್ಲ, ದಾರ ಇಷ್ಟುದ್ದ ಎಂದು! ಜ್ವರ ಬಂದು ನಾಡಿ ಓಡಿದರೆ ದಾರ ಗಿಡ್ಡವಾಗುತ್ತಿತ್ತು.

ಈ ಮಹಾರಾಯ ಅಷ್ಟಕ್ಕೇ ನಿಲ್ಲಲಿಲ್ಲ. ದೊಡ್ಡ ತಕ್ಕಡಿಗೆ ಕುರ್ಚಿ ನೇತುಹಾಕಿ ಅದರಲ್ಲೇ ಕೂತ. ಊಟವನ್ನು ತೂಗಿದ. ನೀರನ್ನು ತೂಗಿದ. ಮಲಮೂತ್ರವನ್ನೂ ತೂಗಿದ! ತನ್ನನ್ನೇ ತೂಗಿಕೊಂಡ. ಎಷ್ಟು ದಿನ? ತಿಂಗಳೇ? ವರ್ಷವೇ?

ಸುಮಾರು 30 ವರ್ಷ!

ಲೆಕ್ಕ ತಾಳೆಯಾಗಲಿಲ್ಲ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಎಷ್ಟೋ ಕಡಿಮೆ. ತಿಂದು ಕುಡಿದದ್ದು ಎಂಟು ಪೌಂಡಾದರೆ ಅದರಲ್ಲಿ ಸುಮಾರು ಐದು ಪೌಂಡು ಕಣ್ಣಿಗೇ ಕಾಣದೆ ಮಾಯ! ಚರ್ಮದಿಂದ, ಉಸಿರಿನಿಂದ, ಸದ್ದಿಲ್ಲದೆ ಆವಿಯಾಗಿ! 1614ರಲ್ಲಿ ಇದನ್ನು ಪುಸ್ತಕ ಮಾಡಿದ. ಕೈಗೆ ಸ್ಮಾರ್ಟ್ ವಾಚು ಕಟ್ಟಿ ‘ನನ್ನ ಡೇಟಾ’ ಎಂದು ಬೀಗುವವರಿಗೆಲ್ಲ ಇವನೇ ಮುತ್ತಜ್ಜ.

ನಾಡಿಗೆಂದೇ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿದವನು ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್. ಅದು 1707. ಹಾಗಾಗಿ ನಿಮಗೆ ಈಗ ದಾರ ಬೇಡ. ಗೋಡೆ ಗಡಿಯಾರ ಸಾಕು.

ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಹೆಬ್ಬೆರಳಿನ ಬುಡಕ್ಕೆ ನೇರವಾಗಿ, ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೆ ತನ್ನದೇ ಮಿಡಿತವಿದೆ, ನಿಮ್ಮನ್ನು ಏಮಾರಿಸುತ್ತದೆ! ಪೂರ್ತಿ 60 ಸೆಕೆಂಡು ಎಣಿಸಿ. 60ರಿಂದ 100ರ ನಡುವೆ ಬಂದರೆ ಸರಿ. ಓಟಗಾರರಿಗೆ ಇನ್ನೂ ಕಡಿಮೆ ಇರುತ್ತದೆ. ನಿಮಗೆ 72 ಬಂತೆಂದುಕೊಳ್ಳಿ. ಅಂದರೆ ನಾಳೆ ಇಷ್ಟು ಹೊತ್ತಿಗೆ ನಿಮ್ಮ ಹೃದಯ ಎಷ್ಟು ಸಲ ಬಡಿದಿರುತ್ತದೆ?

1,03,680 ಸಲ! ರಜೆ ಇಲ್ಲ, ಓಟಿ ಇಲ್ಲ!

ಎಣಿಕೆಗಿಂತ ದೊಡ್ಡ ಗುಟ್ಟು ತಾಳದಲ್ಲಿದೆ. ಬಡಿತ ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಮಾಯ, ಯಾವ ಕ್ರಮವೂ ಸಿಗುತ್ತಿಲ್ಲವೇ? ತಡಮಾಡದೆ ಇಸಿಜಿ ಮಾಡಿಸಿ. ಹೃದಯದ ಮೇಲಿನ ಕೋಣೆಗಳು ಹೀಗೆ ತಾಳತಪ್ಪಿ ಅದುರುವುದನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಅದಿದ್ದರೆ ಪಾರ್ಶ್ವವಾಯುವಿನ ಅಪಾಯ ಐದು ಪಟ್ಟು! ಎರಡು ಬೆರಳಿಗೆ ಸಿಗುವ ಸುಳಿವು ಇದು. ಎರಡೇ ಬೆರಳಿಗೆ!

ಇನ್ನೊಂದು ಸುಳಿವು ದಣಿವಿನ ನಂತರದ ಒಂದು ನಿಮಿಷದಲ್ಲಿ ಅಡಗಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2,428 ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ನಿಂತ ಮೇಲೆ ಮೊದಲ ನಿಮಿಷದಲ್ಲಿ ಬಡಿತ ಎಷ್ಟು ಇಳಿಯಿತು ಎಂದು ನೋಡಿದರು. ಆರು ವರ್ಷ ಕಾದರು. 1999ರಲ್ಲಿ ಬಂದ ಫಲಿತಾಂಶದಲ್ಲಿ ಒಂದು ಸಂಖ್ಯೆ ಎದ್ದು ಕಂಡಿತು: 12. ಬಡಿತ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಸಾವಿನ ಅಪಾಯ, ಉಳಿದ ಕಾರಣಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ಎರಡು ಪಟ್ಟು! ಹೃದಯ ಎಷ್ಟು ಜೋರಾಗಿ ಓಡುತ್ತದೆ ಎಂಬುದಲ್ಲ ವಿಷಯ, ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದು.

ಜಿಮ್ಮಿನ ಗೋಡೆಯ ಮೇಲೆ ‘220ರಿಂದ ವಯಸ್ಸು ಕಳೆಯಿರಿ’ ಎಂಬ ಸೂತ್ರ ನೋಡಿರುತ್ತೀರಿ. ಗರಿಷ್ಠ ಬಡಿತದ ಲೆಕ್ಕ. 2001ರಲ್ಲಿ ಅದನ್ನು ತಿದ್ದಿ ಹೊಸದು ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. ಮಜಾ ಏನೆಂದರೆ 40ನೇ ವಯಸ್ಸಿನಲ್ಲಿ ಎರಡೂ ಸೂತ್ರ ಕೈಕುಲುಕುತ್ತವೆ: 180! ಎಪ್ಪತ್ತಕ್ಕೆ ಬಂದರೆ ಹಳೆಯದು 150 ಎನ್ನುತ್ತದೆ, ಹೊಸದು 159. ವಯಸ್ಸಾದವರ ಹೃದಯವನ್ನು ಹಳೆಯ ಸೂತ್ರ ಕೀಳಂದಾಜು ಮಾಡಿತ್ತು!

ಬಿಪಿ ಯಂತ್ರ ಈಗ ಮನೆಮನೆಯಲ್ಲಿದೆ. ಆದರೆ ಮೊತ್ತಮೊದಲು ರಕ್ತದೊತ್ತಡ ಅಳೆದದ್ದು ಯಾರದು, ಹೇಳಿ?

ಕುದುರೆಯದು! ಅಳೆದವರು ಪಾದ್ರಿ! ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಹೆಣ್ಣು ಕುದುರೆಯೊಂದರ ರಕ್ತನಾಳಕ್ಕೆ ಹಿತ್ತಾಳೆ ಕೊಳವೆ ಸಿಕ್ಕಿಸಿ, ಅದಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದರು. ರಕ್ತ ಏರಿತು. ಏರಿತು. ಏರಿತು! ಎಂಟು ಅಡಿಗೂ ಮೇಲೆ! 1733ರಲ್ಲಿ ಇದನ್ನು ಪ್ರಕಟಿಸಿದರು. ಪಾಪ, ಕುದುರೆಯ ಕಥೆ ಕೇಳಬೇಡಿ. ನಮ್ಮ ತೋಳಿಗೆ ಗಾಳಿಪಟ್ಟಿ ಸುತ್ತಿ, ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಅಳೆಯುವ ಉಪಾಯವನ್ನು 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕೊವ್ ಕೊಟ್ಟ. ಪ್ರಪಂಚ ಬದಲಿಸಿದ ಆ ವರದಿಗೆ ಒಂದು ಪುಟವೂ ಬೇಕಾಗಲಿಲ್ಲ!

ಇಷ್ಟೆಲ್ಲ ಸಾಹಸದಿಂದ ದಕ್ಕಿದ ಅಂಕಿಯನ್ನು ನಾವು ಕೆಡಿಸುವುದು ಹೇಗೆ ಗೊತ್ತೇ? ಕೈಯನ್ನು ತೊಡೆಯ ಮೇಲೆ ಇಟ್ಟು!

ಹೌದು! ಜಾನ್ಸ್ ಹಾಪ್ಕಿನ್ಸ್‌ನವರು 2024ರಲ್ಲಿ ತೋರಿಸಿಕೊಟ್ಟರು. ಕೈ ಮೇಜಿನ ಮೇಲೆ ಹೃದಯದ ಮಟ್ಟದಲ್ಲಿ ಇದ್ದಾಗ ಬಂದ ಅಂಕಿಗಿಂತ, ತೊಡೆಯ ಮೇಲಿಟ್ಟರೆ ಮೇಲಿನ ಅಂಕಿ ಸುಮಾರು 4 ಹೆಚ್ಚು! ಕೈ ಜೋತುಬಿಟ್ಟರೆ 6.5 ಹೆಚ್ಚು! ಕೈ ಇಟ್ಟ ಜಾಗಕ್ಕೇ ಒಬ್ಬರು ರೋಗಿಯಾಗಿಬಿಡಬಹುದು. ಹಾಗಾಗಿ: ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ, ಸಿಗರೇಟು ಇಲ್ಲ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಒರಗು, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಇಲ್ಲ. ಐದು ನಿಮಿಷ ಸುಮ್ಮನಿರಿ. ಮಾತು ಬೇಡವೇ ಬೇಡ! ಮನೆಯಲ್ಲಿ ಹೀಗೆ ಹಲವು ದಿನ ಅಳೆದ ಸರಾಸರಿ 135/85 ಮುಟ್ಟಿದರೆ ಆ ಚೀಟಿ ಹಿಡಿದು ಡಾಕ್ಟರ ಬಳಿ ಹೋಗಿ. ಒಂದೇ ದಿನದ ಒಂದು ಅಂಕಿಗೆ ಹೆದರಿ ಮಾತ್ರೆ ಹೆಚ್ಚು ಕಡಿಮೆ ಮಾಡಿಕೊಂಡೀರಿ ಜೋಕೆ!

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲಾಗದೆ ಕೊರಗುತ್ತಿದ್ದೀರಾ? ಕೊರಗು ಬಿಡಿ. ಆ ಹತ್ತು ಸಾವಿರ ಯಾವ ಪ್ರಯೋಗಶಾಲೆಯಿಂದ ಬಂತು ಗೊತ್ತೇ? ಯಾವುದರಿಂದಲೂ ಅಲ್ಲ! 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರು ಅದು! ವಯಸ್ಸಾದ 16,741 ಹೆಂಗಸರ ಸೊಂಟಕ್ಕೆ ಯಂತ್ರ ಕಟ್ಟಿ ನೋಡಿದ ಅಮೆರಿಕದ ಅಧ್ಯಯನ 2019ರಲ್ಲಿ ಬಂತು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವು ಶೇ 41ರಷ್ಟು ಕಡಿಮೆ! 7,500ರ ಹೊತ್ತಿಗೆ ಲಾಭ ಏರುವುದೇ ನಿಂತಿತು. ಅತ್ತೆಯವರಿಗೆ, ಅಮ್ಮನಿಗೆ ಇದನ್ನು ಓದಿ ಹೇಳಿ, ಖುಷಿಪಡುತ್ತಾರೆ.

ಈಗ ನೆಲಕ್ಕೆ ಇಳಿಯೋಣ. ನಿಜಕ್ಕೂ ನೆಲಕ್ಕೇ!

ಬರಿಗಾಲಲ್ಲಿ ನಿಲ್ಲಿ. ಕೈ ಊರದೆ, ಮಂಡಿ ಊರದೆ, ಏನನ್ನೂ ಹಿಡಿಯದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ. ಹಾಗೆಯೇ ಏಳಿ. ಆಯಿತೇ?

ಬ್ರೆಜಿಲ್‌ನ ರಿಯೊ ನಗರದ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಇದಕ್ಕೆ ಅಂಕ ಹಾಕುತ್ತಾರೆ! ಕೂರಲು ಐದು, ಏಳಲು ಐದು, ಒಟ್ಟು ಹತ್ತು. ಒಂದು ಕೈ ಊರಿದರೆ ಒಂದು ಅಂಕ ಕಳೆಯಿರಿ. ಮಂಡಿ ಊರಿದರೆ ಇನ್ನೊಂದು. ಮೈ ತೂರಾಡಿದರೆ ಅರ್ಧ. 51ರಿಂದ 80 ವಯಸ್ಸಿನ 2,002 ಜನರನ್ನು ಹೀಗೆ ಕೂರಿಸಿ ಎಬ್ಬಿಸಿ, ವರ್ಷಗಟ್ಟಲೆ ಅವರ ಜಾಡು ಹಿಡಿದರು. 2012ರಲ್ಲಿ ಪ್ರಕಟಿಸಿದರು. ಎಂಟು ಅಥವಾ ಅದಕ್ಕೆ ಮೇಲೆ ಗಳಿಸಿದವರಿಗೆ ಹೋಲಿಸಿದರೆ ಮೂರು ಅಥವಾ ಅದಕ್ಕೆ ಕಡಿಮೆ ಗಳಿಸಿದವರಲ್ಲಿ ಸಾವಿನ ಅಪಾಯ ಎಷ್ಟು ಪಟ್ಟು?

ಐದು ಪಟ್ಟಿಗೂ ಹೆಚ್ಚು!

ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ ನಮ್ಮ ಅಜ್ಜಿಯರು ದಿನಕ್ಕೆ ಎಷ್ಟು ಸಲ ಈ ಪರೀಕ್ಷೆ ಪಾಸಾಗುತ್ತಿದ್ದರು, ಲೆಕ್ಕ ಹಾಕಿ! ಡೈನಿಂಗ್ ಟೇಬಲ್ ತಂದು ನಾವು ಪರೀಕ್ಷೆಯನ್ನೇ ರದ್ದು ಮಾಡಿಬಿಟ್ಟೆವು. ಮಂಡಿನೋವಿದ್ದವರು, ಆಪರೇಷನ್ ಆದವರು ಈ ಸಾಹಸಕ್ಕೆ ಇಳಿಯಬೇಡಿ. ಉಳಿದವರೂ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಅದೇ ಅರೌಜೊ ಬಳಗದ ಇನ್ನೊಂದು ಪರೀಕ್ಷೆಗೆ ಹತ್ತೇ ಸೆಕೆಂಡು. ಒಂಟಿಕಾಲಲ್ಲಿ ನಿಲ್ಲಿ! ಎತ್ತಿದ ಪಾದವನ್ನು ನಿಂತ ಕಾಲಿನ ಹಿಂಬದಿಗೆ ತಾಗಿಸಿ. ಕೈ ಪಕ್ಕಕ್ಕೆ, ನೋಟ ಎದುರಿಗೆ. ಮೂರು ಸಲ ಪ್ರಯತ್ನಕ್ಕೆ ಅವಕಾಶ. ಸುಲಭ ಎಂದಿರಾ? 51ರಿಂದ 75 ವಯಸ್ಸಿನ 1,702 ಜನರಲ್ಲಿ ಐವರಿಗೊಬ್ಬರು ಸೋತರು! ಮುಂದಿನ ಸುಮಾರು ಏಳು ವರ್ಷಗಳಲ್ಲಿ, ಸೋತವರ ಸಾವಿನ ಅಪಾಯ ಗೆದ್ದವರಿಗಿಂತ ಶೇ 84 ಹೆಚ್ಚಿತ್ತು. ಒಂಟಿಕಾಲು ಆಯುಷ್ಯ ಕೊಡುವುದಿಲ್ಲ, ಒಳಗಿನ ಬಲವೋ ಸೋಲೋ ಹೊರಗೆ ಕಾಣಿಸುತ್ತದೆ ಅಷ್ಟೆ. ಅಷ್ಟಾದರೂ ಹತ್ತು ಸೆಕೆಂಡಿಗೆ ಎಷ್ಟೊಂದು ಸುದ್ದಿ!

ಹಸ್ತದ ಹಿಡಿತವೂ ಹೀಗೇ ಬಾಯಿ ಬಿಡುತ್ತದೆ. 17 ದೇಶಗಳ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದ ‘ಪ್ಯೂರ್’ ಅಧ್ಯಯನ 2015ರಲ್ಲಿ ಹೇಳಿದ್ದನ್ನು ಕೇಳಿ. ಹಿಡಿತ ಐದು ಕಿಲೊ ತಗ್ಗಿದರೆ ಸಾವಿನ ಅಪಾಯ ಶೇ 16 ಹೆಚ್ಚು! ಸಾವನ್ನು ಮುನ್ಸೂಚಿಸುವುದರಲ್ಲಿ ಇದು ರಕ್ತದೊತ್ತಡವನ್ನೂ ಹಿಂದಿಕ್ಕಿತು! ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಈ ‘ಪ್ಯೂರ್’ ಬಳಗದಲ್ಲಿದೆ.

ದೊಡ್ಡವರ ಮಾತು ಸಾಕು. ಮಕ್ಕಳ ಲೆಕ್ಕ ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಮಗುವಿಗೆ ಕೆಮ್ಮು, ನೆಗಡಿ. ಬರೀ ಶೀತವೋ, ನ್ಯುಮೋನಿಯವೋ? ಎಕ್ಸ್‌ರೇ ಇಲ್ಲ, ಆಸ್ಪತ್ರೆ ದೂರ. ಏನು ಮಾಡುತ್ತೀರಿ?

ಉಸಿರು ಎಣಿಸಿ! ಅಂಗಿ ಎತ್ತಿ, ಮಗು ಅಳದೆ ಶಾಂತವಾಗಿರುವಾಗ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಇದು: ಎರಡು ತಿಂಗಳೊಳಗಿನ ಕೂಸಿಗೆ 60. ಎರಡು ತಿಂಗಳಿಂದ ಒಂದು ವರ್ಷದವರೆಗೆ 50. ಒಂದರಿಂದ ಐದು ವರ್ಷದವರೆಗೆ 40. ಎಣಿಕೆ ಈ ಗೆರೆ ಮುಟ್ಟಿದರೆ ಮಗುವನ್ನು ಎತ್ತಿಕೊಂಡು ಹೊರಡಿ. ಎದೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ ಎಣಿಸುತ್ತಲೂ ಕೂರಬೇಡಿ, ಹೊರಟೇಬಿಡಿ! ಎಷ್ಟೋ ಜೀವ ಉಳಿಸಿರುವುದು ಈ ಮೂರು ಸಂಖ್ಯೆ ಮತ್ತು ಒಂದು ಗಡಿಯಾರ.

ಅಂಗನವಾಡಿಯಲ್ಲಿ ಮಗುವಿನ ತೋಳಿಗೆ ಸುತ್ತುವ ಕೆಂಪು, ಹಳದಿ, ಹಸಿರು ಪಟ್ಟಿ ನೋಡಿದ್ದೀರಾ? ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಅದು. 11.5 ಸೆಂಟಿಮೀಟರ್‌ಗೆ ಕಡಿಮೆ ಬಂದರೆ ಕೆಂಪು: ತೀವ್ರ ಅಪೌಷ್ಟಿಕತೆ. 12.5 ಮುಟ್ಟಿದರೆ ಹಸಿರು. ಒಂದು ವರ್ಷದ ಕೂಸಿಗೂ ನಾಲ್ಕು ವರ್ಷದ ಪೋರನಿಗೂ ಒಂದೇ ಗೆರೆ! ಹೇಗೆ ಸಾಧ್ಯ? ಈ ವಯಸ್ಸಿನಲ್ಲಿ ಮಗು ಎತ್ತರ ಬೆಳೆಯುತ್ತದೆ, ತೂಕ ಬೆಳೆಯುತ್ತದೆ, ತೋಳಿನ ಸುತ್ತಳತೆ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಪ್ರಕೃತಿಯೇ ಇಟ್ಟ ಅಳತೆಗೋಲು!

ನಿಮ್ಮ ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯ ಚೀಲದಲ್ಲೂ ಒಂದು ಕ್ಯಾಲ್ಕುಲೇಟರ್ ಇದೆ. ಕಾಗದದ್ದು! 30 ದಾಟಿದವರಿಗೆಲ್ಲ ವಯಸ್ಸು, ಬೀಡಿ ತಂಬಾಕು, ಕುಡಿತ, ಸೊಂಟ, ವ್ಯಾಯಾಮ, ಮನೆತನದ ಬಿಪಿ ಶುಗರ್ ಕೇಳಿ ಅಂಕ ಹಾಕುತ್ತಾರೆ. ನಾಲ್ಕು ದಾಟಿದವರಿಗೆ ತಪಾಸಣೆಯಲ್ಲಿ ಮೊದಲ ಸರದಿ. ‘ಇವರಿಗ್ಯಾಕೆ ನನ್ನ ಸೊಂಟದಳತೆ’ ಎಂದು ಬಾಗಿಲು ಹಾಕಿಕೊಳ್ಳುವವರಿದ್ದಾರೆ. ದಯವಿಟ್ಟು ತೆರೆಯಿರಿ!

ಹಾಗಾದರೆ ಇವತ್ತೇ ಮಾಡಿ. ದಾರ ಸುತ್ತಿ. ನಾಲ್ಕು ಪ್ರಶ್ನೆಗೆ ಅಂಕ ಹಾಕಿ. ನಾಡಿ ಎಣಿಸಿ. ಕ್ಯಾಲೆಂಡರಿನ ಹಿಂಬದಿಯಲ್ಲಿ ತಾರೀಖು ಹಾಕಿ ಬರೆದಿಡಿ. ಎದೆನೋವು, ಮಾತು ತೊದಲುವುದು, ಉಸಿರು ಕಟ್ಟುವುದು ಕಂಡರೆ ಮಾತ್ರ ಯಾವ ಲೆಕ್ಕವೂ ಬೇಡ, ನೇರ 108ಕ್ಕೆ ಫೋನ್ ಮಾಡಿ. ಉಳಿದಂತೆ ಅಂಕ ಅರವತ್ತು ಮುಟ್ಟಿದ್ದರೆ, ದಾರದ ತುದಿ ಕೂಡದಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೋ ‘ನಮ್ಮ ಕ್ಲಿನಿಕ್’ಓ ನೋಡಿಕೊಂಡು ಹೋಗಿ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಅಲ್ಲಿ ಉಚಿತ.